ಕೇಳೋನು ನಾನು, ಹೇಳೋನು ಯಾರು?

ಒಂದು ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ನನ್ನ ಫೋನು ಬಡ್ಕೊಳ್ಳೋಕೆ ಶುರುವಾಯ್ತು. ಮೊದಲು ಅಕೌಂಟ್ಸ್‌ನವರು. "ಫೋಲ್ಡರ್ ಓಪನ್ ಆಗ್ತಿಲ್ಲ ಕಣ್ರೀ, ಪಾಸ್‌ವರ್ಡ್ ಕೇಳ್ತಿದೆ, ಹಾಕಿದ್ರೆ ತಪ್ಪು ಅಂತಿದೆ." ಅವರು ಫೋನ್ ಇಡೋ ಹೊತ್ತಿಗೆ ಎಚ್‌ಆರ್. ಆಮೇಲೆ ಡಿಸೈನ್ ಟೀಮು. ಹತ್ತು ಗಂಟೆಗೆ ಮ್ಯಾನೇಜರೇ ನನ್ನ ಟೇಬಲ್ ಹತ್ರ ಬಂದು ನಿಂತರು.

ಇದು ಒಂಬತ್ತು ವರ್ಷದ ಹಿಂದಿನ ಮಾತು. ಬೆಂಗಳೂರಿನ ಒಂದು ಮಧ್ಯಮ ಗಾತ್ರದ ಆಫೀಸು, ಇನ್ನೂರು ಚಿಲ್ಲರೆ ಜನ. ಎಲ್ಲರ ಲಾಗಿನ್ ಇದ್ದದ್ದು ವಿಂಡೋಸ್ ಡೊಮೈನಿನಲ್ಲಿ, ಅಂದರೆ ಮೈಕ್ರೋಸಾಫ್ಟಿನ ಆಕ್ಟಿವ್ ಡೈರೆಕ್ಟರಿಯಲ್ಲಿ. ಫೈಲುಗಳು ಮಾತ್ರ ಸರ್ವರ್ ರೂಮಿನ ಮೂಲೆಯಲ್ಲಿದ್ದ ಒಂದು ಲಿನಕ್ಸ್ ಮಷೀನಿನಲ್ಲಿ ಇದ್ದವು. ಅದರ ಮೇಲೆ ಓಡ್ತಿದ್ದದ್ದು ಸಾಂಬಾ ಅನ್ನೋ ಓಪನ್ ಸೋರ್ಸ್ ಸಾಫ್ಟ್‌ವೇರ್. ಲಿನಕ್ಸ್ ಮಷೀನಿನಲ್ಲಿರೋ ಫೋಲ್ಡರನ್ನ ವಿಂಡೋಸಿನವರಿಗೆ ತಮ್ಮದೇ ಡ್ರೈವಿನ ಹಾಗೆ ತೋರಿಸೋದು ಅದರ ಕೆಲಸ. ಆಫೀಸಿನಲ್ಲಿ ಎಲ್ಲರೂ ಅದನ್ನ 'ಸಾಂಬಾರ್ ಸರ್ವರ್' ಅಂತಲೇ ಕರೀತಿದ್ದರು. ವರ್ಷಗಟ್ಟಲೆ ತುಟಿಪಿಟಕ್ಕೆನ್ನದೆ ದುಡಿದಿತ್ತು. ಆ ಸೋಮವಾರ ಯಾರನ್ನೂ ಒಳಗೆ ಬಿಡಲಿಲ್ಲ.

"ಫ್ರೀ ಮಾಲು ಅಂದ್ರೆ ಇಷ್ಟೇ ಅಲ್ವೇನ್ರೀ," ಅಂದರು ಮ್ಯಾನೇಜರ್.

ಈ ಬರಹ ಆ ಒಂದು ಮಾತಿಗೆ ಉತ್ತರ. ಅವತ್ತು ಕೊಡೋಕಾಗಲಿಲ್ಲ. ಕೆಲಸ ಹೊಸದು, ಪ್ರೊಬೇಷನ್ ಮುಗಿದಿರಲಿಲ್ಲ.

ಕಾರಣ ಸಿಕ್ಕಿದ್ದು ಸಂಜೆ ನಾಲ್ಕಕ್ಕೆ. ಶನಿವಾರ ರಾತ್ರಿ ಕರೆಂಟು ಹೋಗಿ, ಯುಪಿಎಸ್ಸೂ ಕೈಕೊಟ್ಟು, ಮಷೀನು ಆಫ್ ಆಗಿತ್ತು. ಮದರ್‌ಬೋರ್ಡಿನ ಮೇಲಿರೋ ಗುಂಡನೆಯ ಬ್ಯಾಟರಿ ಸಾಯೋ ಹಂತದಲ್ಲಿತ್ತು. ಮತ್ತೆ ಆನ್ ಮಾಡಿದಾಗ ಗಡಿಯಾರ ಇಪ್ಪತ್ತು ನಿಮಿಷ ಹಿಂದೆ ಬಿದ್ದಿತ್ತು. ವಿಂಡೋಸ್ ಡೊಮೈನಿನಲ್ಲಿ ಮಾಮೂಲಿ ಸೆಟ್ಟಿಂಗ್ ಪ್ರಕಾರ ಐದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಗುರುತು ಒಪ್ಪೋದಿಲ್ಲ. ಅಷ್ಟೇ.

ಯಾಕೆ ಹಾಗೆ ಅಂತ ಹೇಳಿಬಿಡ್ತೀನಿ, ಮುಂದಿನದಕ್ಕೆಲ್ಲ ಇದು ಬೇಕು. ನಾನು ಹೈಸ್ಕೂಲಿಗೆ ದಿನಾ ಬಸ್ಸಿನಲ್ಲಿ ಸವದತ್ತಿಗೆ ಹೋಗ್ತಿದ್ದೆ. ಪಾಸು ಕೊಡ್ತಿದ್ದದ್ದು ಬಸ್‌ಸ್ಟ್ಯಾಂಡಿನ ಕೌಂಟರಿನಲ್ಲಿ. ಶಾಲೆಯ ಸರ್ಟಿಫಿಕೇಟು, ಫೋಟೊ, ಎಲ್ಲ ನೋಡೋದು ಅಲ್ಲೇ. ಕಂಡಕ್ಟರ್ ಯಾವತ್ತೂ ನಮ್ಮ ಶಾಲೆಗೆ ಬಂದು 'ಈ ಹುಡುಗ ನಿಮ್ಮವನೇನ್ರೀ' ಅಂತ ಕೇಳಿದ್ದಿಲ್ಲ. ಪಾಸಿನ ಮೇಲಿನ ಸೀಲು, ತಾರೀಕು ನೋಡಿ "ಹಿಂದಕ್ಕ ಸರೀರಿ" ಅಂತಿದ್ದ.

ಆಫೀಸಿನಲ್ಲಿ ಕೆರ್ಬರೋಸ್ ಅನ್ನೋ ವ್ಯವಸ್ಥೆ ಮಾಡೋದು ಇದನ್ನೇ. ಬೆಳಿಗ್ಗೆ ನೀವು ಲಾಗಿನ್ ಆದಾಗ ಡೊಮೈನ್ ಕಂಟ್ರೋಲರ್ ಅನ್ನೋ ಕೌಂಟರು ನಿಮ್ಮನ್ನ ಪರೀಕ್ಷೆ ಮಾಡುತ್ತೆ. ಫೈಲ್ ಸರ್ವರಿಗೆ ಹೋಗಬೇಕಾದಾಗ ಆ ಸರ್ವರಿಗೆಂದೇ ಒಂದು ಟಿಕೆಟ್ ಕೊಡುತ್ತೆ. ಅದರ ಮುದ್ರೆ ಒಡೆಯೋ ಗುಟ್ಟು ಕೌಂಟರಿಗೂ ಆ ಸರ್ವರಿಗೂ ಮಾತ್ರ ಗೊತ್ತು. ನಿಮ್ಮ ಪಾಸ್‌ವರ್ಡ್ ಫೈಲ್ ಸರ್ವರಿಗೆ ಹೋಗೋದೇ ಇಲ್ಲ. ನಿಮ್ಮ ಟಿಕೆಟ್ಟನ್ನ ಕದ್ದು ಇನ್ನೊಬ್ಬ ಆಮೇಲೆ ತೋರಿಸಬಾರದು ಅಂತ ಸರ್ವರು ಸಮಯ ನೋಡುತ್ತೆ. ಕಂಡಕ್ಟರಿನ ಗಡಿಯಾರವೇ ಕೆಟ್ಟರೆ ಒಳ್ಳೇ ಪಾಸೂ ಸುಳ್ಳು ಪಾಸಾಗುತ್ತೆ.

ವಿಂಡೋಸ್ ಸರ್ವರ್ ಆಗಿದ್ದರೆ ಸಮಯವನ್ನ ತಾನೇ ಡೊಮೈನಿನಿಂದ ತಗೊಳ್ತಿತ್ತು, ಒಪ್ಪುತ್ತೇನೆ. ಲಿನಕ್ಸಿನಲ್ಲಿ ಅದನ್ನ ನಾನು ಆನ್ ಮಾಡಿಡಬೇಕಿತ್ತು. ಎರಡು ನಿಮಿಷದ ಕೆಲಸ. ಮಾಡಿರಲಿಲ್ಲ. ತಪ್ಪು ನನ್ನದು, ಬೈಸಿಕೊಂಡದ್ದು ಸಾಂಬಾ. ಸಂಜೆಯೊಳಗೆ 'ಇದನ್ನ ತೆಗೆದು ದುಡ್ಡು ಕೊಟ್ಟು ಒಳ್ಳೇದು ತರೋಣ' ಅನ್ನೋ ಮೇಲ್ ಹೋಗಿಯೂ ಆಗಿತ್ತು.

ಈಗ ಪ್ರಶ್ನೆ. ಒಂದು ಲಿನಕ್ಸ್ ಮಷೀನು ವಿಂಡೋಸ್ ಜಾಲದಲ್ಲಿ ಹೀಗೆ ಪ್ರತಿಯೊಂದು ಸಣ್ಣ ವಿಷಯಕ್ಕೂ ಪರಕೀಯನ ಹಾಗೆ ನಿಲ್ಲಬೇಕಾಗಿ ಬಂದದ್ದು ಯಾಕೆ? ಮುಕ್ತ ತಂತ್ರಾಂಶ ಬರೆಯೋರಿಗೆ ಬುದ್ಧಿ ಕಡಿಮೆ ಅಂತಲೇ?

ಕೆರ್ಬರೋಸ್ ಮೈಕ್ರೋಸಾಫ್ಟ್ ಹುಟ್ಟಿಸಿದ್ದಲ್ಲ. ಅದು 1980ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿ, ಅಥೀನಾ ಅನ್ನೋ ಯೋಜನೆಯಲ್ಲಿ ಹುಟ್ಟಿದ್ದು. ಗ್ರೀಕ್ ಪುರಾಣದಲ್ಲಿ ಪಾತಾಳದ ಬಾಗಿಲು ಕಾಯೋ ಮೂರು ತಲೆಯ ನಾಯಿಯ ಹೆಸರು. 1993ರಲ್ಲಿ ಅದರ ಐದನೇ ಆವೃತ್ತಿ ಎಲ್ಲರೂ ಓದಬಹುದಾದ, ಯಾರು ಬೇಕಾದರೂ ಬಳಸಬಹುದಾದ ಇಂಟರ್ನೆಟ್ ಮಾನಕವಾಗಿ ಪ್ರಕಟವಾಯಿತು. ವಿಂಡೋಸ್ 2000 ಬಂದಾಗ ಮೈಕ್ರೋಸಾಫ್ಟ್ ಅದನ್ನೇ ತಗೊಂಡಿತು. ತಗೊಳ್ಳಲಿ, ಮಾನಕ ಇರೋದೇ ಅದಕ್ಕೆ.

ಆದರೆ ಟಿಕೆಟ್ಟಿನಲ್ಲಿ ಒಂದು ಖಾಲಿ ಜಾಗ ಇತ್ತು, ಯಾರಿಗೆ ಬೇಕೋ ಅವರು ಹೆಚ್ಚಿನ ವಿವರ ಹಾಕಿಕೊಳ್ಳಲಿ ಅಂತ. ಅಲ್ಲಿ ಮೈಕ್ರೋಸಾಫ್ಟ್ ಒಂದು ಚೀಟಿ ಇಟ್ಟಿತು. ಈತ ಯಾರು, ಯಾವ ಯಾವ ಗುಂಪಿಗೆ ಸೇರಿದವನು ಅನ್ನೋದೆಲ್ಲ ಆ ಚೀಟಿಯಲ್ಲಿ. ಅದಕ್ಕೆ ಪ್ಯಾಕ್ ಅಂತ ಹೆಸರು. ಚೀಟಿಯನ್ನ ಹೇಗೆ ಓದೋದು ಅನ್ನೋ ವಿವರವನ್ನ 2000ದಲ್ಲಿ ಪ್ರಕಟಿಸಿತು, ಒಂದು ಷರತ್ತಿನ ಮೇಲೆ. ಇದು ನಮ್ಮ ವ್ಯಾಪಾರದ ಗುಟ್ಟು, ಸುರಕ್ಷತೆಯ ಪರಿಶೀಲನೆಗೆ ಮಾತ್ರ ಓದಿ ಅನ್ನೋದು ಆ ಷರತ್ತು. ಓದಬಹುದು, ಓದಿದ್ದನ್ನ ಬಳಸಿ ಸಾಫ್ಟ್‌ವೇರ್ ಬರೆಯೋ ಹಾಗಿಲ್ಲ! ಕೆಲವರು ಅದನ್ನ ಸ್ಲ್ಯಾಷ್‌ಡಾಟ್‌ನಲ್ಲಿ ಹಾಕಿದಾಗ, ಅಮೆರಿಕದ ಕಾಪಿರೈಟ್ ಕಾಯ್ದೆ ತೋರಿಸಿ ತೆಗೆಯಿರಿ ಅಂತ ಪತ್ರ ಹೋಯ್ತು.

ಇದನ್ನ ಮೊದಲ ಸಲ ಓದಿದಾಗ ನನಗೆ ನೆನಪಾಗಿದ್ದು ನಮ್ಮ ಅಜ್ಜನ ಟ್ರಂಕು.

ಆ ಟ್ರಂಕಿನ ತಳದಲ್ಲಿ ಹೊಲದ ಹಿಸ್ಸೆಯ ಒಂದು ಹಳೇ ಕಾಗದ ಇತ್ತು. ಮೋಡಿ ಲಿಪಿಯಲ್ಲಿ ಬರೆದದ್ದು. ಮುಂಬೈ ಪ್ರಾಂತ್ಯದ ಕಾಲದಲ್ಲಿ ನಮ್ಮ ಬೆಳಗಾವಿ ಕಡೆ ಎಷ್ಟೋ ಲೆಕ್ಕಪತ್ರ ಮೋಡಿಯಲ್ಲೇ ಇರ್ತಿದ್ದವು. ಹೊಲ ನಮ್ಮದು, ಹೆಸರು ನಮ್ಮ ಮುತ್ತಜ್ಜನದು, ಓದೋಕೆ ಮಾತ್ರ ಮನೆಯಲ್ಲಿ ಒಬ್ಬರಿಗೂ ಬರ್ತಿರಲಿಲ್ಲ. ಬದುವಿನ ತಕರಾರು ಬಂದಾಗ ಅಪ್ಪ ಆ ಕಾಗದ ಹಿಡ್ಕೊಂಡು ಬೆಳಗಾವಿಗೆ ಹೋಗಿ, ಮೋಡಿ ಬಲ್ಲ ಹಿರಿಯರೊಬ್ಬರನ್ನ ಹುಡುಕಿ, ಅವರ ಮುಂದೆ ಕೈಕಟ್ಟಿ ಕೂತಿದ್ದ. ಅವರು ಒಳ್ಳೆಯವರು, ಇದ್ದದ್ದನ್ನ ಇದ್ದ ಹಾಗೆ ಓದಿದರು. ಅದು ನಮ್ಮ ಪುಣ್ಯ. ಆದರೆ ಪುಣ್ಯದ ಮೇಲೆ ವ್ಯವಸ್ಥೆ ಕಟ್ಟೋಕಾಗಲ್ಲ. ಅದೂ ಅಲ್ಲದೆ, ಮೋಡಿಯನ್ನ ಯಾರು ಬೇಕಾದರೂ ಕಲಿಯಬಹುದಿತ್ತು. ಕಲಿತವನಿಗೆ ಯಾರೂ ನೋಟಿಸು ಕಳಿಸ್ತಿರಲಿಲ್ಲ.

ಸಾಂಬಾದವರು ಮಾಡಿದ್ದು ಆ ಲಿಪಿಯನ್ನ ಗುರುವಿಲ್ಲದೆ ಕಲಿಯೋ ಕೆಲಸ. 1991ರ ಕೊನೆಯಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಪಿಎಚ್‌ಡಿ ಮಾಡ್ತಿದ್ದ ಆಂಡ್ರ್ಯೂ ಟ್ರಿಜೆಲ್ ಇದನ್ನ ಶುರು ಮಾಡಿದರು. ಡಿಜಿಟಲ್ ಕಂಪನಿಯ ಒಂದು ಫೈಲ್ ಸರ್ವರು ತನ್ನ ಗ್ರಾಹಕ ಕಂಪ್ಯೂಟರುಗಳ ಜೊತೆ ತಂತಿಯ ಮೇಲೆ ಏನು ಮಾತಾಡುತ್ತೆ ಅಂತ ಹಿಡಿದು ನೋಡಿ, ಅದೇ ಮಾತನ್ನ ಆಡೋ ಪ್ರೋಗ್ರಾಂ ಬರೆದರು. ಆ ಮಾತಿನ ಹೆಸರು ಎಸ್‌ಎಂಬಿ. ಆ ಮೂರು ಅಕ್ಷರ ಅದೇ ಕ್ರಮದಲ್ಲಿರೋ ಪದಗಳನ್ನ ಕಂಪ್ಯೂಟರಿನ ನಿಘಂಟಿನಲ್ಲಿ ಹುಡುಕಿದಾಗ ಸಿಕ್ಕಿದ ಹೆಸರು ಸಾಂಬಾ. ನಮ್ಮ ಸಾಂಬಾರಿಗೂ ಸಾಂಬಶಿವನಿಗೂ ಸಂಬಂಧವಿಲ್ಲ. ಯಾರ ಕೋಡನ್ನೂ ಕದ್ದಿಲ್ಲ. ಬಾಗಿಲಲ್ಲಿ ನಿಂತು, ಒಳಗಿನವರು ಬಂದವರನ್ನ ಹೇಗೆ ಮಾತಾಡಿಸ್ತಾರೆ ಅಂತ ಕೇಳಿ ಕೇಳಿ ಕಲಿತದ್ದು. 2003ರಲ್ಲಿ ಬಂದ ಸಾಂಬಾ 3.0 ಆಕ್ಟಿವ್ ಡೈರೆಕ್ಟರಿಯ ಸದಸ್ಯನಾಗೋದನ್ನ ಕಲಿತಿತ್ತು.

ಉಳಿದದ್ದು ಕೋರ್ಟಿನಲ್ಲಿ ನಡೀತು. 1998ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್, ತನ್ನ ಸರ್ವರುಗಳು ವಿಂಡೋಸ್ ಜಾಲದಲ್ಲಿ ಬೆರೆಯೋಕೆ ಬೇಕಾದ ಮಾಹಿತಿ ಸಿಗ್ತಿಲ್ಲ ಅಂತ ಯುರೋಪಿಯನ್ ಕಮಿಷನ್ನಿಗೆ ದೂರು ಕೊಟ್ಟಿತು. 2004ರ ಮಾರ್ಚಿನಲ್ಲಿ ಕಮಿಷನ್ ಮೈಕ್ರೋಸಾಫ್ಟಿಗೆ ಸುಮಾರು 49.7 ಕೋಟಿ ಯೂರೋ ದಂಡ ಹಾಕಿತು. ಮೀಡಿಯಾ ಪ್ಲೇಯರಿನ ವಿಷಯವೂ ಅದರಲ್ಲಿ ಸೇರಿತ್ತು. ಜೊತೆಗೆ, ಬೇರೆಯವರ ಸರ್ವರುಗಳಿಗೆ ಬೇಕಾದ ಮಾಹಿತಿ ಕೊಡಿ ಅಂತ ಆದೇಶ. ಮೈಕ್ರೋಸಾಫ್ಟ್ ಮೇಲ್ಮನವಿ ಹಾಕಿತು. 2007ರ ಸೆಪ್ಟೆಂಬರ್ 17ರಂದು ಯುರೋಪಿನ ನ್ಯಾಯಾಲಯ ಕಮಿಷನ್ನಿನ ಪರ ತೀರ್ಪು ಕೊಟ್ಟಿತು. ಆ ವರ್ಷದ ಡಿಸೆಂಬರಿನಲ್ಲಿ ಸಾಂಬಾ ಪರವಾಗಿ ಒಂದು ಲಾಭರಹಿತ ಸಂಸ್ಥೆ 10,000 ಯೂರೋ ಕಟ್ಟಿ ಆ ದಾಖಲೆಗಳನ್ನ ಪಡೀತು. 2012ರ ಡಿಸೆಂಬರಿನಲ್ಲಿ ಬಂದ ಸಾಂಬಾ 4.0 ಕೌಂಟರಿನಲ್ಲೇ ಕೂತು ಟಿಕೆಟ್ ಕೊಡುವಷ್ಟು, ಅಂದರೆ ತಾನೇ ಆಕ್ಟಿವ್ ಡೈರೆಕ್ಟರಿಯ ಡೊಮೈನ್ ಕಂಟ್ರೋಲರ್ ಆಗುವಷ್ಟು ಬೆಳೆದಿತ್ತು. ಅದಕ್ಕೆ ಮೈಕ್ರೋಸಾಫ್ಟಿನ ಎಂಜಿನಿಯರುಗಳೇ ಸಹಾಯ ಮಾಡಿದರು, ಅದನ್ನೂ ಹೇಳಬೇಕು. ಆದರೆ ಆ ಬಾಗಿಲು ತೆರೆಸೋಕೆ ಒಂದು ಖಂಡದ ಕಾನೂನೇ ಬರಬೇಕಾಯ್ತು.

ಇಪ್ಪತ್ತು ವರ್ಷ ಸ್ವಾಮಿ! ಒಂದು ಬಸ್ ಪಾಸ್ ಪೂರ್ತಿ ಓದೋದನ್ನ ಕಲಿಯೋಕೆ. ಇದನ್ನ ನೋಡಿ ನಾವು 'ಫ್ರೀ ಮಾಲು' ಅಂತೀವಿ.

ಹೋಗ್ಲಿ, ಮೈಕ್ರೋಸಾಫ್ಟಿಗೆ ಬೈದು ಕೈತೊಳ್ಕೊಳ್ಳೋಕೆ ನಾನು ಇದನ್ನ ಬರೀತಿಲ್ಲ. ಆಕ್ಟಿವ್ ಡೈರೆಕ್ಟರಿ ಒಳ್ಳೇ ಎಂಜಿನಿಯರಿಂಗ್. ನನ್ನ ಸಂಬಳದ ದೊಡ್ಡ ಪಾಲು ಅದರಿಂದಲೇ ಬಂದಿದೆ. ಓಪನ್ ಸೋರ್ಸ್ ಅಂದಮಾತ್ರಕ್ಕೆ ಭದ್ರ ಅಂತಲೂ ಅಲ್ಲ. 2017ರ ಮೇ ತಿಂಗಳಲ್ಲಿ ವಿಂಡೋಸಿನ ಹಳೇ ಎಸ್‌ಎಂಬಿಯ ತೂತಿನಿಂದ ವಾನ್ನಾಕ್ರೈ ಜಗತ್ತೆಲ್ಲ ಹರಡಿತಲ್ಲ, ಅದೇ ತಿಂಗಳು ಸಾಂಬಾದಲ್ಲೂ ಒಂದು ದೊಡ್ಡ ತೂತು ಬಯಲಾಯ್ತು. 2010ರ 3.5 ಆವೃತ್ತಿಯಿಂದ ಅದು ಅಲ್ಲೇ ಇತ್ತು. ನನ್ನ ಜಗಳ ಇರೋದು ನಮ್ಮ ಜೊತೆ. ನಾನು, ನೀವು, ಆಫೀಸಿನ ಐಟಿಯವರು, ಸಹಿ ಹಾಕೋ ಮ್ಯಾನೇಜರು.

ಯಾಕೆ ಅಂದ್ರೆ ಆ ಸೋಮವಾರದ ಕಥೆ ಇನ್ನೂ ಮುಗಿದಿಲ್ಲ.

ಬೆಳಿಗ್ಗೆ ಹನ್ನೊಂದಕ್ಕೆ, ಕಾರಣ ಇನ್ನೂ ಸಿಕ್ಕಿರಲಿಲ್ಲ. ತಿಂಗಳ ಕೊನೆ, ಸಂಬಳದ ಫೈಲು ಕಳಿಸಬೇಕು. ಮ್ಯಾನೇಜರು ತಲೆ ಮೇಲೆ ನಿಂತಿದ್ದಾರೆ. ನಾನು ಏನು ಮಾಡಿದೆ ಗೊತ್ತಾ? ಡೊಮೈನಿನ ಗೊಡವೆಯೇ ಬೇಡ ಅಂತ ಸಾಂಬಾ ಸರ್ವರಿನ ಒಳಗೇ ಒಂದು ಲೋಕಲ್ ಅಕೌಂಟ್ ಮಾಡಿದೆ. ಅಕೌಂಟ್ಸ್‌ನ ಐದೂ ಜನಕ್ಕೆ ಒಂದೇ ಹೆಸರು, ಒಂದೇ ಪಾಸ್‌ವರ್ಡ್. ಫೋಲ್ಡರಿಗೆ 777 ಪರ್ಮಿಷನ್. ಹತ್ತು ನಿಮಿಷದಲ್ಲಿ ಕೆಲಸ ಆಯ್ತು. "ಗುಡ್ ಜಾಬ್" ಅಂದರು. ಸಂಜೆ ಗಡಿಯಾರ ಸರಿಮಾಡಿದೆ, ಎಲ್ಲರೂ ಮಾಮೂಲಿ ದಾರಿಯಲ್ಲಿ ಒಳಗೆ ಬಂದರು. ನಾನು ತೆಗೆದ ಹಿತ್ತಲ ಬಾಗಿಲು ಹಾಗೇ ಉಳೀತು. ಮರೆತೆ.

ಆರು ತಿಂಗಳ ನಂತರ, ಅಕೌಂಟ್ಸ್‌ನಿಂದ ಕೆಲಸ ಬಿಟ್ಟು ಹೋಗಿದ್ದ ಹುಡುಗನೊಬ್ಬ ಬೇರೆ ಸಂಸ್ಥೆಯ ಪರವಾಗಿ ಮೀಟಿಂಗಿಗೆ ನಮ್ಮ ಆಫೀಸಿಗೆ ಬಂದ. ಹೊರಡೋ ಮುಂಚೆ ನನ್ನ ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದ. "ಅಣ್ಣಾ, ಪ್ರೆಸೆಂಟೇಷನ್ನಿಗೆ ಅಂತ ನಿಮ್ಮ ನೆಟ್‌ವರ್ಕ್ ಕೇಬಲ್ ಹಾಕ್ಕೊಂಡಿದ್ದೆ. ನೀವು ಕೊಟ್ಟ ಆ ಪಾಸ್‌ವರ್ಡ್ ಸುಮ್ನೆ ಹಾಕಿ ನೋಡ್ದೆ. ಇನ್ನೂ ನಡೀತಿದೆ. ಎಲ್ಲರ ಸಂಬಳದ ಫೋಲ್ಡರ್ ಕಾಣ್ತಿದೆ. ತೆಗೀಲಿಲ್ಲ, ನಿಮಗೆ ಹೇಳೋಣ ಅಂತ."

ನನ್ನ ಕೈಕಾಲು ತಣ್ಣಗಾಯ್ತು. ಅವನು ಕೆಲಸ ಬಿಟ್ಟ ದಿನವೇ ಎಚ್‌ಆರ್ ಅವನ ಡೊಮೈನ್ ಅಕೌಂಟನ್ನ ಮುಚ್ಚಿಸಿತ್ತು. ಡೊಮೈನು ತನ್ನ ಕೆಲಸ ಸರಿಯಾಗಿ ಮಾಡಿತ್ತು, ಸಾಂಬಾ ಕೂಡ. ಆ ಐದು ಜನರಲ್ಲಿ ಯಾರು ಯಾವ ಫೈಲು ತೆರೆದರು ಅನ್ನೋದೂ ಲಾಗಿನಲ್ಲಿ ಇರಲಿಲ್ಲ. ಎಲ್ಲರ ಹೆಸರೂ ಒಂದೇ ಆಗಿತ್ತಲ್ಲ. ಆ ಹುಡುಗ ಒಳ್ಳೆಯವನು. ಮತ್ತೆ ಅದೇ ಪುಣ್ಯ.

ಹೊಸ ಸರ್ವರ್ ಬರೋಕೆ ಇನ್ನೂ ಎರಡು ತಿಂಗಳಾಯ್ತು. ಬಂದ ಮೂರನೇ ತಿಂಗಳಿಗೆ ಡಿಸ್ಕು ಕೈಕೊಟ್ಟು ಅರ್ಧ ದಿನ ಮಲಗಿತು. 'ದುಡ್ಡಿನ ಮಾಲು ಅಂದ್ರೆ ಇಷ್ಟೇ' ಅಂತ ಯಾರೂ ಅನ್ನಲಿಲ್ಲ. "ಕಂಪ್ಲೇಂಟ್ ಬರೆಸಿ" ಅಂದರು, ಅಷ್ಟೇ.

ಆ ದಿನಗಳಲ್ಲೇ ಊರಿಗೆ ಹೋಗಿದ್ದಾಗ ಅಪ್ಪ ಕೇಳಿದ. "ಆಫೀಸನ್ಯಾಗ ಏನ್ ಮಾಡ್ತಿ ತಮ್ಮಾ ನೀ?"

"ಬಾಗಲದಾಗ ನಿಂತು ಬಂದವರನ್ನ ಯಾರು ಅಂತ ಕೇಳೋ ಕೆಲಸ ಅಪ್ಪಾ."

ಅಪ್ಪ ಎಲೆಗೆ ಸುಣ್ಣ ಹಚ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದ. "ಕೇಳಾಂವ ನೀ. ಇಂವಾ ಖರೇನ ಅಂವನ ಅಂತ ಹೇಳಾಂವ ಯಾರು?"

ಬಿಇ ನಾಲ್ಕು ವರ್ಷದಲ್ಲಿ ಈ ವಿಷಯವನ್ನ ಯಾರೂ ನನಗೆ ಇಷ್ಟು ಸರಿಯಾಗಿ ಕೇಳಿರಲಿಲ್ಲ. ನಾವು ಫೈಲು ಎಲ್ಲಿದೆ, ಬ್ಯಾಕಪ್ ಇದೆಯಾ ಅಂತ ವಿಚಾರ ಮಾಡ್ತೀವಿ. ಫೈಲನ್ನ ಕಾಪಿ ಮಾಡಿ ಹಾರ್ಡ್ ಡಿಸ್ಕಿಗೆ ಹಾಕ್ಕೊಂಡು ಯಾವತ್ತಾದರೂ ಹೊರಡಬಹುದು. ಆದರೆ ಆಫೀಸಿನ ಇನ್ನೂರು ಜನರಲ್ಲಿ ಯಾರು ಯಾರು, ಯಾರಿಗೆ ಎಲ್ಲಿಯವರೆಗೆ ಪ್ರವೇಶ ಅನ್ನೋ ಪಟ್ಟಿ ಒಬ್ಬರ ಪುಸ್ತಕದಲ್ಲಿದ್ದು, ಅದನ್ನ ಓದೋ ಲಿಪಿಯೂ ಅವರದ್ದೇ ಆಗಿದ್ದರೆ, ನಾವು ಹೊರಡೋದು ಎಲ್ಲಿಗೆ? ಮಾರಾಟಗಾರನ ಕೈಯಲ್ಲಿ ನಮ್ಮ ಜುಟ್ಟು ಸಿಕ್ಕಿರೋದು ಫೈಲಿನಲ್ಲಲ್ಲ, ಗುರುತಿನಲ್ಲಿ.

ಈಗ ಅದು ಮತ್ತೆ ಶುರುವಾಗಿದೆ. ಕೌಂಟರು ಆಫೀಸಿನಿಂದಲೇ ಎದ್ದು ಕ್ಲೌಡಿಗೆ ಹೋಗಿದೆ. ಮೈಕ್ರೋಸಾಫ್ಟ್ 2023ರಲ್ಲಿ ತನ್ನ ಅಝೂರ್ ಆಕ್ಟಿವ್ ಡೈರೆಕ್ಟರಿಗೆ ಎಂಟ್ರಾ ಐಡಿ ಅಂತ ಹೆಸರಿಟ್ಟಿತು. ಹಳೇ ಆಕ್ಟಿವ್ ಡೈರೆಕ್ಟರಿಗೆ ಸಾಂಬಾ ಸರ್ವರನ್ನ ಒಂದೇ ಆದೇಶದಲ್ಲಿ ಸದಸ್ಯನಾಗಿ ಸೇರಿಸಬಹುದಿತ್ತು. ಬರೀ ಎಂಟ್ರಾ ಇರೋ ಕಡೆ ಆ ದಾರಿ ಇಲ್ಲ. ಅಲ್ಲಿ ಬಳಸೋ ಲಾಗಿನ್ ಭಾಷೆಗಳು ಮುಕ್ತ ಮಾನಕಗಳೇ, ನಿಜ. ಕೆರ್ಬರೋಸೂ ಮುಕ್ತ ಮಾನಕವೇ ಆಗಿತ್ತು. ಚೀಟಿಯಲ್ಲಿ ಏನಿದೆ ಅನ್ನೋದು ಮುಖ್ಯ ಅಂತ ಆ ಕಥೆ ನಮಗೆ ಕಲಿಸಬೇಕಿತ್ತು. ಇದು ಒಂದು ಕಂಪನಿಯ ಮಾತೂ ಅಲ್ಲ. ಯಾವ ದೊಡ್ಡವರ ಲಾಗಿನ್ ತಗೊಂಡರೂ ಪ್ರಶ್ನೆ ಇದೇ.

'ಅಯ್ಯೋ, ಎಲ್ಲ ನಡೀತಿದೆಯಲ್ಲ, ಯಾಕೆ ತಲೆಬಿಸಿ' ಅಂತ ನೀವು ಅನ್ನಬಹುದು. ಮೋಡಿ ಕಾಗದವೂ ಬದುವಿನ ತಕರಾರು ಬರೋವರೆಗೆ ಟ್ರಂಕಿನಲ್ಲಿ ನೆಮ್ಮದಿಯಾಗಿತ್ತು. 'ನಾವು ಸಣ್ಣ ಕಂಪನಿ, ನಮ್ಮ ಮಾತು ಯಾರು ಕೇಳ್ತಾರೆ' ಅನ್ನಬಹುದು. ಸರ್ಕಾರ ಕೂಡ ತನ್ನ ಇ-ಆಡಳಿತಕ್ಕೆ 2010ರಲ್ಲಿ ಮುಕ್ತ ಮಾನಕಗಳ ನೀತಿ ತಂತು, 2015ರಲ್ಲಿ ಓಪನ್ ಸೋರ್ಸ್ ನೀತಿ ತಂತು. ಎಷ್ಟು ಜಾರಿಗೆ ಬಂತು ಅನ್ನೋದು ಬೇರೆ ಜಗಳ, ಕಾಗದದ ಮೇಲಾದರೂ ಇದೆ. ದಿನವಿಡೀ ಸಾಫ್ಟ್‌ವೇರ್ ಬರೆಯೋ ನಮ್ಮ ಎಷ್ಟು ಆಫೀಸುಗಳಲ್ಲಿ ಇಂಥ ಒಂದು ಸಾಲಿನ ನೀತಿಯಾದರೂ ಇದೆ?

ನಾನು ಎಲ್ಲರೂ ಸಾಂಬಾ ಹಾಕಿ ಅಂತ ಹೇಳ್ತಿಲ್ಲ. ಕೊಳ್ಳೋದಾದರೆ ಕೊಳ್ಳಿ. ಸಹಿ ಹಾಕೋ ಮುಂಚೆ ಕೇಳಿ: ನಮ್ಮ ಜನರ ಮತ್ತು ಗುಂಪುಗಳ ಪೂರ್ತಿ ಪಟ್ಟಿ ನಾಳೆ ನಮ್ಮ ಕೈಗೆ ಬರುತ್ತಾ? ಬೇರೆಯವರ ಸರ್ವರು ನಿಮ್ಮ ಟಿಕೆಟ್ಟನ್ನ ಪೂರ್ತಿ ಓದೋಕೆ ಬೇಕಾದ ವಿವರ ಷರತ್ತಿಲ್ಲದೆ ಪ್ರಕಟವಾಗಿದೆಯಾ? ಲೈಸೆನ್ಸ್ ಮುಗಿದ ಮಾರನೇ ದಿನ ನಮ್ಮ ಫೋಲ್ಡರಿಗೆ ನಾವು ಹೋಗಬಹುದಾ? ಮಾರೋಕೆ ಬಂದವನು ತಡವರಿಸಿದರೆ ನಿಮಗೆ ಉತ್ತರ ಸಿಕ್ಕಿತು ಅಂತ.

ಇನ್ನೊಂದು ಕೆಲಸ ನಿಮ್ಮದೇ. ಇದಕ್ಕೆ ಯಾವ ಕೋರ್ಟೂ ಬೇಡ. ನಾಳೆ ಆಫೀಸಿಗೆ ಹೋದಾಗ ಐಟಿಯವರನ್ನ ಕೇಳಿ, ನಮ್ಮ ಫೈಲ್ ಸರ್ವರಿನ ಒಳಗೆ ಡೊಮೈನಿನಲ್ಲಿಲ್ಲದ ಲೋಕಲ್ ಅಕೌಂಟು ಎಷ್ಟಿವೆ, ಯಾರು ಯಾವಾಗ ಮಾಡಿದ್ದು ಅಂತ. ಒಂದಾದರೂ ಇದ್ದೇ ಇರುತ್ತೆ. ಯಾವುದೋ ಒಂದು ಸೋಮವಾರ, ಯಾರೋ ತಲೆ ಮೇಲೆ ನಿಂತಿದ್ದಾಗ ಮಾಡಿದ್ದು. ಮಾಡಿದವರನ್ನ ಬೈಬೇಡಿ. ಪಕ್ಕದಲ್ಲಿ ಕೂತು ಅಳಿಸಿ. ಹಾಗೇ ಸರ್ವರಿನ ಗಡಿಯಾರವನ್ನೂ ಒಮ್ಮೆ ನೋಡಿಬಿಡಿ.